ಮಿಂಚಿದ ಮೇಲೆ ಎಷ್ಟು ಎಣಿಸಿದ್ರಿ?

ನಮ್ಮ ಮಾವ ದೊಡ್ಡಬಳ್ಳಾಪುರದಿಂದ ಆಚೆ ಒಂದು ಹಳ್ಳೀಲಿದಾರೆ. ಒಂದೂವರೆ ಎಕರೆ ದ್ರಾಕ್ಷಿ, ಎರಡು ಸೀಮೆಹಸು, ಒಂದು ಬೋರ್‌ವೆಲ್. ನಾನಿರೋದು ಯಲಹಂಕದಲ್ಲಿ, ಬೈಕಲ್ಲಿ ಹೋದ್ರೆ ಹತ್ರಾನೇ, ಹಂಗಾಗಿ ತಿಂಗಳಿಗೊಂದು ಸಲ ಹೋಗಿ ಉಂಡು ಬರೋದು ರೂಢಿ. ಒಂದು ಏಪ್ರಿಲ್ ಕೊನೇಲಿ ಹಿಂಗೇ ಹೋಗಿದ್ದಾಗ ಸಂಜೆ ನಾಲ್ಕರ ಹೊತ್ತಿಗೆ ನಂದಿ ಬೆಟ್ಟದ ಕಡೆ ಮೋಡ ಕಪ್ಪಗೆ ಕಟ್ಟಿಕೊಳ್ತು, ಒಂದೆರಡು ಸಲ ಮಿಂಚೂ ಆಯ್ತು, ಸರಿಯಾಗಿ ಅಷ್ಟೊತ್ತಿಗೇ ತ್ರೀ ಫೇಸ್ ಕರೆಂಟ್ ಬಂತು. ಮಾವ ತಲೆಗೆ ಟವಲ್ ಸುತ್ಕೊಂಡು ತೋಟಕ್ಕೆ ಓಡಿದ್ರು. ತ್ರೀ ಫೇಸ್ ಬಂದಾಗ ಮೋಟ್ರು ಹಾಕ್ಲಿಲ್ಲ ಅಂದ್ರೆ ಮತ್ತೆ ಯಾವಾಗ ಬರುತ್ತೋ ಯಾರಿಗ್ ಗೊತ್ತು, ರೈತರ ಮನೇಲಿ ಹುಟ್ಟಿದವರಿಗೆ ಈ ಓಟ ಬಿಡಿಸಿ ಹೇಳ್ಬೇಕಾಗಿಲ್ಲ.

ಆ ಸ್ಟಾರ್ಟರ್ ಡಬ್ಬಿ ಎಲ್ಲಿದೆ ಗೊತ್ತಾ? ಒಂಟಿ ಹೊಂಗೆ ಮರದ ಬುಡದಲ್ಲಿ, ಕಬ್ಬಿಣದ ಡಬ್ಬಿ, ಪಕ್ಕದಲ್ಲೇ ಕರೆಂಟ್ ಕಂಬ, ಬೆನ್ನಿಗೆ ದ್ರಾಕ್ಷಿ ಚಪ್ಪರದ ತಂತಿ. ಸಿಡಿಲಿಗೆ ಹೇಳಿ ಮಾಡಿಸಿದ ಜಾಗ. ಅವತ್ತು ಏನೂ ಆಗ್ಲಿಲ್ಲ, ಆದ್ರೆ ಅವರು ವಾಪಸ್ ಬರೋವರೆಗೂ ನಂಗೆ ಕಾಫಿ ಇಳೀಲಿಲ್ಲ.

ವಿಪತ್ತು ಅಂದ ತಕ್ಷಣ ನಮಗೆ ನೆನಪಾಗೋದು 2018ರ ಕೊಡಗು, 2024ರ ವಯನಾಡು. ನಮ್ಮ ಬೆಂಗಳೂರು ಗ್ರಾಮಾಂತರದಲ್ಲಿ (ಬೆಂಗಳೂರು ಉತ್ತರ ಅಂತ ಹೆಸರು ಬದಲಾಯಿಸೋಕೆ 2025ರ ಜುಲೈನಲ್ಲಿ ಸಂಪುಟ ಒಪ್ಪಿದೆ, ಬಾಯಿಗಿನ್ನೂ ಹಳೇದೇ ಬರುತ್ತೆ) ಸಮುದ್ರ ಇಲ್ಲ, ದೊಡ್ಡ ಹೊಳೆ ಇಲ್ಲ, ಹೆಚ್ಚುಕಮ್ಮಿ 900 ಮೀಟರ್ ಎತ್ತರದ ಬಯಲು. ನಮ್ಮೂರಿಗೆ ಏನಾಗುತ್ತೆ ಬಿಡಪ್ಪಾ ಅಂತ ಆರಾಮಾಗಿದೀವಿ. ಆದ್ರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕ ನೋಡಿದ್ರೆ 2021ರಲ್ಲಿ ದೇಶದಲ್ಲಿ ಸಿಡಿಲಿಗೆ ಸತ್ತವರು 2,880 ಜನ, ಹಿಂದಿನ ವರ್ಷ 2,862. ಇವರೆಲ್ಲ ಒಂದೇ ದಿನ ಒಂದೇ ಕಡೆ ಸತ್ತಿದ್ರೆ ದೇಶವೇ ಅಲ್ಲಾಡಿಬಿಡೋದು. ಇವರು ಸಾಯೋದು ಒಬ್ಬೊಬ್ಬರೇ, ಇಲ್ಲೊಬ್ಬ ಕುರಿಗಾಹಿ, ಅಲ್ಲೊಬ್ಬಳು ಕಳೆ ಕೀಳೋಕೆ ಹೋದೋಳು, ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲು ಬಂದ್ರೆ ಹೆಚ್ಚು. ಕೇಂದ್ರ ಸರ್ಕಾರದ ಅಧಿಕೃತ ವಿಪತ್ತುಗಳ ಪಟ್ಟೀಲೂ ಬಹುಕಾಲ ಸಿಡಿಲಿಗೆ ಜಾಗ ಇರ್ಲಿಲ್ಲ.

ಇದು ಯಾಕೆ ಏಪ್ರಿಲ್-ಮೇನಲ್ಲೇ ಜೋರು? ನಮ್ಮ ಹಿರಿಯರಿಗೆ ಇದು ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲ, ಭರಣಿ ಬಂದ್ರೆ ಧರಣಿ ಬೆಳೆ ಅಂತ ಕಾಯ್ತಾರೆ. ಬೆಳಗ್ಗೆಯಿಂದ ಕಾದ ನೆಲ ಮೇಲಿನ ಗಾಳೀನ ಕಾಯಿಸುತ್ತೆ, ಆ ಗಾಳೀಲಿ ಕಡಲ ಕಡೆಯಿಂದ ಬಂದ ತೇವ ಇದ್ರೆ ಮುಗೀತು, ಮಧ್ಯಾಹ್ನ ಮೂರರ ಮೇಲೆ ಮೋಡ ಹೂಕೋಸಿನ ಥರ ಉಬ್ಬಿ ಉಬ್ಬಿ 12-15 ಕಿಲೋಮೀಟರ್ ಎತ್ತರ ಹೋಗುತ್ತೆ. ಅಷ್ಟು ಮೇಲೆ ಕೊರೆಯೋ ಚಳಿ. ಮೋಡದ ಹೊಟ್ಟೇಲಿ ಹಗೂರದ ಐಸ್ ಹರಳು ಮೇಲಕ್ಕೆ ಹೋಗ್ತಿರುತ್ತೆ, ಮೆತ್ತಗಿನ ಪುಟ್ಟ ಆಲಿಕಲ್ಲು ಕೆಳಕ್ಕೆ ಜಾರ್ತಿರುತ್ತೆ, ಎರಡೂ ಒಂದಕ್ಕೊಂದು ತಾಗಿ ತಾಗಿ ಚಾರ್ಜ್ ಅದಲು ಬದಲಾಗುತ್ತೆ. ಕೊನೆಗೆ ಮೋಡದ ಮೇಲ್ಭಾಗ ಪಾಸಿಟಿವ್, ನಡು-ಕೆಳಭಾಗ ನೆಗೆಟಿವ್. ಗಾಳಿಗೆ ತಡೆಯೋಕಾಗದಷ್ಟು ಆದಾಗ ಕಿತ್ಕೊಂಡು ಬರುತ್ತೆ ನೋಡಿ, ಅದೇ ಸಿಡಿಲು. ದಪ್ಪ ಅಂದ್ರೆ ಎರಡು ಮೂರು ಸೆಂಟಿಮೀಟರ್, ಕರೆಂಟು ಸಾಮಾನ್ಯವಾಗಿ 30,000 ಆಂಪಿಯರ್ ಆಸುಪಾಸು, ಬಿಸಿ ಸುಮಾರು 30,000 ಡಿಗ್ರಿ, ಅಂದ್ರೆ ಸೂರ್ಯನ ಮೇಲ್ಮೈಗಿಂತ ಐದು ಪಟ್ಟು. ಅಷ್ಟು ಬಿಸಿಗೆ ಸುತ್ತಲ ಗಾಳಿ ಪಟ್ ಅಂತ ಹಿಗ್ಗೋ ಸದ್ದೇ ಗುಡುಗು.

ಬೆಳಕು ಕಣ್ಣಿಗೆ ಆಗಿಂದಾಗಲೇ ಬರುತ್ತೆ, ಸದ್ದು ಮಾತ್ರ ಸೆಕೆಂಡಿಗೆ 340 ಮೀಟರ್ ಲೆಕ್ಕದಲ್ಲಿ ನಿಧಾನಕ್ಕೆ ಬರುತ್ತೆ. ಅಂದ್ರೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮಿಂಚಿದ ಮೇಲೆ ಮೂವತ್ತು ಎಣಿಸೋದ್ರೊಳಗೆ ಗುಡುಗಿದ್ರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ ಅಂತ ಅರ್ಥ, ಮುಂದಿನದು ನಿಮ್ಮ ತಲೆ ಮೇಲೇ ಬೀಳಬಹುದು, ಮಳೆ ಹನಿ ಇನ್ನೂ ಬಿದ್ದಿರಲ್ಲ ಆದ್ರೂ. ಜನ ಎಡವೋದೇ ಇಲ್ಲಿ. ಮಳೆ ಬಂದಾಗ ಓಡಿದ್ರಾಯ್ತು ಅಂದ್ಕೊಳ್ತಾರೆ. ಮಳೆ ನಿಂತ ತಕ್ಷಣ ಹೊರಗೆ ಬರೋದೂ ಅಷ್ಟೇ ತಪ್ಪು, ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗ್ಬೇಕು.

ಎಣಿಸೋದ್ರಲ್ಲೂ ಒಂದು ತಾಪತ್ರಯ ಇದೆ, ಹೆದರಿಕೇಲಿ ಒಂದುಎರಡುಮೂರು ಅಂತ ಗಾಡಿ ಓಡಿಸಿಬಿಡ್ತೀವಿ. ನಮ್ಮಜ್ಜಿ ಗುಡುಗಿದಾಗ ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ ಅಂತ ಜಪ ಮಾಡೋರು. ನಾನು ಅದನ್ನೇ ಕದ್ದು ಮಾವನ ಮೊಮ್ಮಗಳಿಗೆ ಕಲಿಸಿದೆ: ಒಂದು ಅರ್ಜುನ, ಎರಡು ಅರ್ಜುನ, ಮೂರು ಅರ್ಜುನ. ನಿಧಾನಕ್ಕೆ ಹೇಳಿದ್ರೆ ಒಂದೊಂದಕ್ಕೂ ಹೆಚ್ಚುಕಮ್ಮಿ ಒಂದು ಸೆಕೆಂಡ್ ಆಗುತ್ತೆ, ವಾಚ್ ಹಿಡ್ಕೊಂಡು ನೋಡಿದೀನಿ. ಮೂರು ಅರ್ಜುನಕ್ಕೊಂದು ಕಿಲೋಮೀಟರ್.

ಸಿಡಿಲು ನೇರ ತಲೆ ಮೇಲೆ ಬಿದ್ದು ಸಾಯೋರು ಕಮ್ಮಿ, ನೂರಕ್ಕೆ ಐದು ಜನಾನೂ ಇರಲ್ಲ. ಹೆಚ್ಚು ಜನಕ್ಕೆ ತಗಲೋದು ನೆಲದ ಮೂಲಕ. ಮರಕ್ಕೆ ಬಿದ್ದ ಕರೆಂಟು ಬುಡದಿಂದ ಸುತ್ತಲೂ ಹರಡುತ್ತೆ, ಬುಡದ ಹತ್ರ ವೋಲ್ಟೇಜ್ ಜಾಸ್ತಿ, ದೂರ ಹೋದ ಹಾಗೆ ಕಮ್ಮಿ. ನಿಮ್ಮ ಎರಡು ಕಾಲು ಎರಡು ಬೇರೆ ವೋಲ್ಟೇಜ್ ಮೇಲಿದ್ರೆ ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ಇರೋ ಅಂತರ ನೋಡಿ, ಮಧ್ಯದಲ್ಲಿ ಹೃದಯ ಬೇರೆ. ಮರದಡಿ ನಿಂತ ಕುರಿ ಮಂದೆ ಒಟ್ಟಿಗೆ ಬಿದ್ದಿರುತ್ತಲ್ಲ, ಕಾರಣ ಇದೇ. ಬಯಲಲ್ಲಿ ಸಿಕ್ಕಾಕ್ಕೊಂಡು ಬೇರೆ ದಾರಿನೇ ಇಲ್ಲದಾಗ ಎರಡು ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ ಅನ್ನೋದೂ ಇದಕ್ಕೇ. ಮಲಗಬೇಡಿ. ಹವಾಯ್ ಚಪ್ಪಲಿ ಕಾಪಾಡುತ್ತೆ ಅನ್ನೋದು ಸುಳ್ಳು, ಕಿಲೋಮೀಟರ್‌ಗಟ್ಟಲೆ ಗಾಳೀನೇ ಸೀಳಿ ಬಂದಿದ್ದಕ್ಕೆ ಅರ್ಧ ಇಂಚು ರಬ್ಬರ್ ಯಾವ ಲೆಕ್ಕ.

ನಮ್ಮ ಕಡೆ ಇದಕ್ಕೆ ದ್ರಾಕ್ಷಿ ಚಪ್ಪರ ಬೇರೆ ಸೇರ್ಕೊಂಡಿದೆ. ಕಲ್ಲು ಕಂಬದ ಮೇಲೆ ತೋಟದ ಉದ್ದಗಲಕ್ಕೂ ತಂತಿ. ಆ ಮೂಲೇಲಿ ಸಿಡಿಲು ತಗಲಿದ್ರೆ ಈ ಮೂಲೇಲಿ ತಂತಿ ಮುಟ್ಟಿದವನಿಗೂ ಬರಬಹುದು. ಹಸು ಕಟ್ಟಿದ ಸರಪಳಿ, ತಂತಿ ಬೇಲಿ, ಎಲ್ಲಾ ಅದೇ ಕಥೆ. ತೋಟದ ತಗಡಿನ ಶೆಡ್ಡು, ನಾಲ್ಕು ಕಡೆ ಓಪನ್ ಇದ್ದಿದ್ದು, ಮಳೆಗೆ ಆಗುತ್ತೆ, ಸಿಡಿಲಿಗೆ ಆಗಲ್ಲ. ಗಾಜು ಏರಿಸಿದ ಕಾರು ಪರ್ವಾಗಿಲ್ಲ, ಕರೆಂಟು ಲೋಹದ ಬಾಡಿ ಮೇಲೇ ಹರಿದು ನೆಲಕ್ಕೆ ಹೋಗುತ್ತೆ. ಮೊಪೆಡ್ ಆಗಲ್ಲ. ಎಲ್ಲಕ್ಕಿಂತ ಮನೇನೇ ವಾಸಿ, ಆದ್ರೆ ಮನೆ ಒಳಗೂ ಟೀವಿ ಪ್ಲಗ್ ಮೊದಲೇ ಕಿತ್ತಿರಬೇಕು, ಕಬ್ಬಿಣದ ಪೈಪಿನ ನಲ್ಲಿ ಕೆಳಗೆ ಸ್ನಾನ, ಪಾತ್ರೆ ಬೇಡ, ಕಿಟಕಿ ಸರಳು ಹಿಡ್ಕೊಂಡು ಆಲಿಕಲ್ಲು ನೋಡೋದೂ ಬೇಡ.

ಯಾರಿಗಾದ್ರೂ ಹೊಡೆದ್ರೆ ಮುಟ್ಟೋಕೆ ಹೆದರ್ತಾರೆ, ಮೈಯಲ್ಲಿ ಕರೆಂಟ್ ಉಳಿದಿರುತ್ತೆ ಅಂತ. ಉಳಿದಿರಲ್ಲ. ಸಿಡಿಲು ತಗುಲಿದವರಲ್ಲಿ ಬಹಳ ಜನ ಬದುಕ್ತಾರೆ, ಸಾಯೋರು ಹೆಚ್ಚಾಗಿ ಹೃದಯ ನಿಂತು ಸಾಯ್ತಾರೆ, ಹಂಗಾಗಿ ಉಸಿರಿಲ್ಲ ಅಂದ್ರೆ ಆ ಕ್ಷಣದಿಂದಲೇ ಎದೆ ಮಧ್ಯಕ್ಕೆ ಎರಡು ಕೈ ಇಟ್ಟು ನಿಮಿಷಕ್ಕೆ ನೂರರ ಮೇಲೆ ಒತ್ತುತ್ತಾ ಇರಬೇಕು, ಇನ್ನೊಬ್ರು 108ಕ್ಕೆ ಫೋನ್ ಮಾಡ್ಬೇಕು. ಮೈಗೆ ಸಗಣಿ ಬಳಿದು ಕೂರೋ ಹೊತ್ತಲ್ಲ ಅದು.

ಫೋನಲ್ಲಿ ಎರಡು ಆ್ಯಪ್ ಹಾಕ್ಕೊಟ್ಟಿದೀನಿ. ಒಂದು ಪುಣೆಯ ಹವಾಮಾನ ಸಂಸ್ಥೆಯವರ ದಾಮಿನಿ, ಇನ್ನೊಂದು ಸಿಡಿಲು ಅಂತಲೇ ಹೆಸರಿರೋದು, ನಮ್ಮ ಯಲಹಂಕದಲ್ಲೇ ಇರೋ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ್ದು. ಈ ಕೇಂದ್ರ 1988ರಲ್ಲಿ ಬರ ನೋಡ್ಕೊಳೋಕೆ ಅಂತ ಶುರುವಾಗಿದ್ದು, ಈಗ ಪಂಚಾಯಿತಿಗೊಂದು ಮಳೆಮಾಪಕ ಇಟ್ಟಿದಾರೆ. ಆದ್ರೆ ಮಾವನ ಫೋನ್ ಮುಕ್ಕಾಲು ಹೊತ್ತು ಚಾರ್ಜ್‌ಗೆ ಹಾಕಿರುತ್ತೆ, ಅವರು ತೋಟದಲ್ಲಿರ್ತಾರೆ. ಹಂಗಾಗಿ ನನ್ನ ನಂಬಿಕೆ ಅರ್ಜುನನ ಮೇಲೇ ಜಾಸ್ತಿ.

ಸಿಡಿಲೊಂದೇ ಅಲ್ಲ ಬಿಡಿ. 2021ರ ನವೆಂಬರ್‌ನಲ್ಲಿ ಯಲಹಂಕ ಕೆರೆ ಉಕ್ಕಿ ಪಕ್ಕದ ಅಪಾರ್ಟ್‌ಮೆಂಟ್ ಜನರನ್ನ ದೋಣೀಲಿ ಕರ್ಕೊಂಡು ಬಂದಿದ್ದು ಕಣ್ಣಾರೆ ಕಂಡಿದೀವಿ. ನಮ್ಮ ಕಡೆ ಕೆರೆಗಳೆಲ್ಲ ಸರಪಳಿ, ಮೇಲಿನದು ಕೋಡಿ ಬಿದ್ರೆ ನೀರು ಕೆಳಗಿನದಕ್ಕೆ. ಹಂಗಾಗಿ ನಿಮ್ಮೂರಲ್ಲಿ ಮಳೆ ನಿಂತ ಎಷ್ಟೋ ಹೊತ್ತಿನ ಮೇಲೂ ನೀರು ಏರಬಹುದು. ಹಳ್ಳದ ಸೇತುವೆ ಮೇಲೆ ನೀರು ಹರೀತಿದ್ರೆ ಬೈಕ್ ಇಳಿಸಬೇಡಿ, ಅಷ್ಟು ಸಾಕು. ಪಹಣಿ, ಪಾಸ್‌ಬುಕ್, ಆಧಾರ್ ಎಲ್ಲಾ ಒಂದು ಪ್ಲಾಸ್ಟಿಕ್ ಕವರಲ್ಲಿ ಅಟ್ಟದ ಮೇಲೆ ಇಟ್ರೆ ಒಳ್ಳೇದು. ಹಸು ಸತ್ರೂ ಪರಿಹಾರಕ್ಕೆ ಪಶುವೈದ್ಯರ ಸರ್ಟಿಫಿಕೇಟ್ ಬೇಕು, ಅವಸರದಲ್ಲಿ ಹೂತು ಆಮೇಲೆ ಪರದಾಡ್ತಾರೆ.

ಮಾವ ಈಗ ಮೋಟ್ರಿಗೆ ಆಟೋ ಸ್ಟಾರ್ಟರ್ ಹಾಕಿಸಿದಾರೆ, ಕರೆಂಟ್ ಬಂದ್ರೆ ತಾನೇ ಓಡುತ್ತೆ, ಮರದ ಹತ್ರ ಹೋಗೋ ಕೆಲಸ ಇಲ್ಲ. ಮನೆ ಹಿಂದಿನ ಅರ್ತಿಂಗ್ ಗುಂಡಿ ನೋಡಿದ್ರೆ ಒಣಗಿ ಬಿರುಕು ಬಿಟ್ಟಿತ್ತು, ಒಣ ಮಣ್ಣಲ್ಲಿ ಕರೆಂಟು ಇಳಿಯಲ್ಲ. ಸಿಡಿಲೇ ಬಿದ್ರೆ ಅದೊಂದರಿಂದ ಮನೆ ಉಳಿಯಲ್ಲ ಅನ್ನೋದು ಬೇರೆ ಮಾತು, ಅದಕ್ಕೆ ಮಿಂಚುವಾಹಕವೇ ಬೇಕು, ಆದ್ರೆ ದಿನಾ ಫ್ರಿಜ್ ಮುಟ್ಟಿದಾಗ ಜುಂ ಅನ್ನೋದಾದ್ರೂ ನಿಲ್ಲುತ್ತೆ. ಇದ್ದಲು, ಉಪ್ಪು ಹಾಕಿ ರೆಡಿ ಮಾಡಿಸಿದ್ವಿ. ದಿನಾ ನೀರು ಹಾಕೋರು ಯಾರು ಅಂತ ಜಗಳ ಆಗಿ, ಅತ್ತೆ ಕೈ ತೊಳೆಯೋ ನೀರು ಅಲ್ಲಿಗೇ ಹೋಗೋ ಹಾಗೆ ಒಂದು ಪೈಪ್ ಇಟ್ರು. ಹೋದ ವಾರ ಹೋದಾಗ ನೋಡಿದೆ, ಗುಂಡಿಯಿಂದ ಒಂದು ಗೇಣು ಆಚೆ, ಉಪ್ಪು ತಾಗದ ಕಡೆ, ಒಂದು ಟೊಮೇಟೊ ಗಿಡ ಬಂದು ಮೂರು ಕಾಯಿ ಬಿಟ್ಟಿದೆ.