ಚಂಡೀಗಢದ ಕುರ್ಚಿ ಯಾರದ್ದು?

ಗೋಕುಲಂ ಕಡೆ ಕಾಫಿ ಕುಡಿಯೋಕೆ ಹೋದರೆ ಈಗೀಗ ಒಂದು ಕುರ್ಚಿ ಜಾಸ್ತಿ ಕಾಣುತ್ತೆ. ಮರದ ಚೌಕಟ್ಟು, ಬೆತ್ತದ ಹೆಣಿಗೆ, ಪಕ್ಕದಿಂದ ನೋಡಿದರೆ ಕೈವಾರ ಬಿಡಿಸಿ ನಿಲ್ಲಿಸಿದಂಥ ಕಾಲು. ನಮಗೆ ಮರಗೆಲಸ ಮಾಡಿಕೊಡುವ ಆಚಾರ್ರ ಹತ್ತಿರವೂ ಇದರ ಫೋಟೊ ಹಿಡಿದು ಬರ್ತಾರಂತೆ. ‘ನಾನಿದನ್ನ ಮಾಡಿದ್ರೆ ಕದ್ದಂಗೆ ಆಗುತ್ತಾ ಸಾರ್?’ ಅಂತ ಕೇಳಿದರು.

ಈ ಚಂಡೀಗಢ ಕುರ್ಚಿಯ ವಿನ್ಯಾಸ ವಾಸ್ತುಶಿಲ್ಪಿ ಪಿಯರ್ ಜನ್ನರೆ ಅವರದ್ದು ಅಂತ ಹೇಳುತ್ತಾರೆ. 1896ರಲ್ಲಿ ಜಿನೀವಾದಲ್ಲಿ ಹುಟ್ಟಿದವರು, ಚಂಡೀಗಢ ನಗರದ ನಕ್ಷೆ ಮಾಡಿದ ಹೆಸರಾಂತ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆಗೆ ದಾಯಾದಿ ತಮ್ಮ. 1922ರಿಂದ ಇಬ್ಬರೂ ಪ್ಯಾರಿಸ್‌ನಲ್ಲಿ ಜೊತೆಗೆ ಕೆಲಸ ಮಾಡಿದರು. ಅಲ್ಲಿ ವಿನ್ಯಾಸಕಿ ಷಾರ್ಲೊಟ್ ಪೆರಿಯಾಂ ಜೊತೆ ಸೇರಿ ಮಾಡಿದ ಉಕ್ಕಿನ ಕುರ್ಚಿಗಳನ್ನೂ ಜನ ಅಣ್ಣನ ಹೆಸರಿನಲ್ಲೇ ಕರೆದರು. ಯುದ್ಧದ ಹೊತ್ತಿಗೆ ಬೇರೆಯಾದರು, ಮತ್ತೆ ಒಂದಾಗಿದ್ದು 1951ರಲ್ಲಿ, ಚಂಡೀಗಢ ಕಟ್ಟೋಕೆ.

ಅಣ್ಣ ವರ್ಷಕ್ಕೆರಡು ಸಲ ಬಂದು ಹೋಗುತ್ತಿದ್ದರು. ಜನ್ನರೆ ಅಲ್ಲೇ ಮನೆ ಮಾಡಿ 1965ರವರೆಗೂ ಉಳಿದರು. ಹೊಸ ಊರಿಗೆ ಕಚೇರಿ, ಕಾಲೇಜು, ಕೋರ್ಟು, ಎಲ್ಲಕ್ಕೂ ಪೀಠೋಪಕರಣ ಬೇಕಿತ್ತು. ದುಡ್ಡು ಕಡಿಮೆ. ಹಾಗಾಗಿ ಸ್ಥಳೀಯ ಬಡಗಿಗಳು ಕೈಯಲ್ಲೇ ಮಾಡಬಹುದಾದ ನಕ್ಷೆ ಬರೆದರು, ಗೆದ್ದಲಿಗೆ ಬಗ್ಗದ ತೇಗ ಆರಿಸಿದರು, ಸೆಕೆಗೆ ಗಾಳಿಯಾಡಲಿ ಅಂತ ಬೆತ್ತ ಹೆಣೆಸಿದರು. ಊರ್ಮಿಳಾ ಯೂಲಿ ಚೌಧರಿಯವರಂಥ ನಮ್ಮ ವಾಸ್ತುಶಿಲ್ಪಿಗಳೂ ಈ ಕೆಲಸದಲ್ಲಿದ್ದರು, ಅವರ ಹೆಸರು ಕೇಳಿದವರು ಕಡಿಮೆ. ಒಂದೇ ನಕ್ಷೆ ಬೇರೆಬೇರೆ ಅಂಗಡಿಗೆ ಹೋಗಿದ್ದರಿಂದ ಒಂದರ ಕಾಲು ದಪ್ಪ, ಇನ್ನೊಂದರದ್ದು ಸಣ್ಣ. ಬಡಗಿಗಳ ಹೆಸರು ಎಲ್ಲೂ ಬರೆದಿಲ್ಲ. ಕುರ್ಚಿ ಮೇಲೆ ಇರೋದು ಇಲಾಖೆಯ ನಂಬರ್ ಮಾತ್ರ. ನನಗೆ ಬೇಜಾರಾಗೋದು ಇಲ್ಲೇ.

ಮುಂದಿನ ಕತೆ ಚಿಕ್ಕದು. ಬೆತ್ತ ಹರಿಯಿತು, ಕುರ್ಚಿಗಳು ತಾರಸಿ ಸೇರಿದವು, ಗುಜರಿ ಬೆಲೆಗೆ ಹರಾಜಾದವು. ವಿದೇಶಿ ವ್ಯಾಪಾರಿಗಳು ಕೊಂಡರು, ರಿಪೇರಿ ಮಾಡಿಸಿ ಲಕ್ಷಗಟ್ಟಲೆ ರೂಪಾಯಿಗೆ ಮಾರಿದರು. ಆ ಇಲಾಖೆ ನಂಬರ್ರೇ ಅಸಲಿ ಅನ್ನೋದಕ್ಕೆ ಸಾಕ್ಷಿಯಾಯಿತು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವನ್ನು ಮಾರಬಾರದು, ಹೊರಗೆ ಕಳಿಸಬಾರದು ಅಂತ ಆದೇಶ ಮಾಡಿತು. ಆದರೆ 1972ರ ಪುರಾತನ ವಸ್ತು ಕಾಯ್ದೆ ಸಾಮಾನ್ಯವಾಗಿ ನೂರು ವರ್ಷ ತುಂಬಿದ ವಸ್ತುಗಳಿಗೆ ಅನ್ವಯ. ಈ ಕುರ್ಚಿಗಳಿಗೆ ಅಷ್ಟು ವಯಸ್ಸಾಗಿಲ್ಲ, ಹಾಗಾಗಿ ಆಗಲೇ ಹೊರಗೆ ಹೋದದ್ದನ್ನು ವಾಪಸ್ ಕೇಳೋದು ಕಷ್ಟ.

ಇನ್ನು ಆಚಾರ್ರ ಪ್ರಶ್ನೆ. ನಮ್ಮಲ್ಲಿ ನೋಂದಾಯಿಸಿದ ವಿನ್ಯಾಸಕ್ಕೂ ರಕ್ಷಣೆ ಇರೋದು ಹೆಚ್ಚೆಂದರೆ 15 ವರ್ಷ. ಇದಕ್ಕೆ ಎಪ್ಪತ್ತರ ಹತ್ತಿರ. ಹಾಗಾಗಿ ಆಕಾರ ನೋಡಿ ಮಾಡೋದು ಕಳ್ಳತನ ಅಲ್ಲ. ಹೊಸದನ್ನು ಹಳೇದು ಅಂತ ಮಾರಿದರೆ ಮಾತ್ರ ಮೋಸ, ಅಲ್ವಾ? ನಂಬರ್ ಬರೀಬೇಡಿ ಅಂತ ಹೇಳಿದೆ.

ಮೊನ್ನೆ ಹೋದಾಗ ನಾಲ್ಕು ಕುರ್ಚಿ ತಯಾರಾಗಿದ್ದವು. ಸೀಟನ್ನು ಎರಡು ಇಂಚು ಅಗಲ ಮಾಡಿದ್ದಾರೆ. ನಮ್ಮವರು ಚಕ್ಕಳಮಕ್ಕಳ ಹಾಕಿ ಕೂರ್ತಾರಲ್ಲ ಸಾರ್, ಅಂದರು.