ಸೇಫ್ ಪೀರಿಯಡ್: ಎಷ್ಟರ ಮಟ್ಟಿಗೆ ಸೇಫ್?

"ಮುಟ್ಟು ಮುಗಿದು ಎರಡೇ ದಿನ ಆಗಿದೆ, ಈಗ ಸೇಫ್ ಅಲ್ವಾ?" ಗಂಡ ಹೆಂಡತಿಯ ನಡುವೆ, ಗೆಳತಿಯರ ನಡುವೆ ಈ ಮಾತು ಬರುತ್ತಲೇ ಇರುತ್ತದೆ. ಸೇಫ್ ಪೀರಿಯಡ್ ಅಂದರೆ ಲೈಂಗಿಕ ಸಂಪರ್ಕ ಆದರೂ ಗರ್ಭ ನಿಲ್ಲುವ ಸಾಧ್ಯತೆ ಕಡಿಮೆ ಇರುವ ದಿನಗಳು. ಈ 'ಕಡಿಮೆ' ಅನ್ನುವ ಪದ ಬಾಯಿಂದ ಬಾಯಿಗೆ ಬರುವಷ್ಟರಲ್ಲಿ 'ಇಲ್ಲವೇ ಇಲ್ಲ' ಆಗಿಬಿಟ್ಟಿರುತ್ತದೆ. ತಾಪತ್ರಯ ಶುರುವಾಗುವುದೇ ಅಲ್ಲಿ.

ಲೆಕ್ಕ ನಿಂತಿರುವುದು ಎರಡು ಆಯಸ್ಸಿನ ಮೇಲೆ. ಅಂಡಾಶಯದಿಂದ ಹೊರಬಂದ ಅಂಡಾಣು ಬದುಕುವುದು 12ರಿಂದ 24 ಗಂಟೆ, ಅಷ್ಟೆ. ವೀರ್ಯಾಣು ಹಾಗಲ್ಲ. ಹೆಣ್ಣಿನ ದೇಹದೊಳಗೆ 5 ದಿನದವರೆಗೂ ಕಾದು ಕೂರಬಲ್ಲದು. ಹಾಗಾಗಿ ಅಂಡಾಣು ಬಿಡುಗಡೆಯಾಗುವ ದಿನ, ಅದರ ಹಿಂದಿನ 5 ದಿನ, ಒಟ್ಟು 6 ದಿನ ಗರ್ಭ ನಿಲ್ಲಬಹುದಾದ ಕಾಲ. ಉಳಿದದ್ದು ಸೇಫ್. ಕೇಳಲು ಬಲು ಸುಲಭ. ಆದರೆ ಅಂಡಾಣು ಬಿಡುಗಡೆಯಾಗುವ ದಿನ ಯಾವುದು?

ಮುಟ್ಟು ಶುರುವಾದ ದಿನದಿಂದ ಎಣಿಸಿದರೆ 14ನೇ ದಿನ ಅಂತ ತುಂಬಾ ಜನ ಬಾಯಿಪಾಠ ಮಾಡಿಕೊಂಡಿದ್ದಾರೆ. ಅದು 28 ದಿನಕ್ಕೊಮ್ಮೆ ಮುಟ್ಟಾಗುವವರ ಮಾತು. ನಿಜವಾಗಿ ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ. ಅಂದರೆ ಹಿಂದಕ್ಕೆ ಎಣಿಸಬೇಕು. ಇನ್ನೂ ಬಾರದ ಮುಟ್ಟಿನಿಂದ ಹಿಂದಕ್ಕೆ ಎಣಿಸುವುದು ಹೇಗೆ? 21 ದಿನಕ್ಕೆ ಮುಟ್ಟಾಗುವವರಲ್ಲಿ ಅಂಡಾಣು 7ನೇ ದಿನವೇ ಬರಬಹುದು. 5ನೇ ದಿನ, ಇನ್ನೂ ಸ್ವಲ್ಪ ಕಲೆ ಕಾಣುತ್ತಿರುವಾಗ ಆದ ಸಂಪರ್ಕವೂ ಗರ್ಭಕ್ಕೆ ಸಾಕು.

ಊಹೆ ಬೇಡ ಅನ್ನುವವರಿಗೆ ಕ್ಯಾಲೆಂಡರ್ ಲೆಕ್ಕ ಇದೆ. ಕನಿಷ್ಠ 6 ಮುಟ್ಟಿನ ತಾರೀಕು ಬರೆದಿಟ್ಟುಕೊಳ್ಳಿ. ಅತಿ ಚಿಕ್ಕ ಅಂತರದಿಂದ 18 ಕಳೆಯಿರಿ, ಅತಿ ದೊಡ್ಡದರಿಂದ 11 ಕಳೆಯಿರಿ. ಆ ಅಂತರಗಳು 26 ಮತ್ತು 32 ದಿನ ಆಗಿದ್ದರೆ 8ರಿಂದ 21ನೇ ದಿನದವರೆಗೆ ಸೇಫ್ ಅಲ್ಲ. ಪೂರಾ ಎರಡು ವಾರ! ಅದೂ ಮುಂದಿನ ತಿಂಗಳು ಹಿಂದಿನ ತಿಂಗಳುಗಳ ಹಾಗೇ ನಡೆದುಕೊಂಡರೆ ಮಾತ್ರ. ಜ್ವರ, ಒತ್ತಡ, ನಿದ್ದೆಗೇಡು ಯಾವುದಾದರೂ ದಿನಗಳನ್ನು ಹಿಂದೆ ಮುಂದೆ ಮಾಡಬಹುದು. ಬರೀ ತಾರೀಕು ಹಾಕಿಸಿಕೊಂಡು ದಿನ ಹೇಳುವ ಮೊಬೈಲ್ ಆ್ಯಪ್ ಮಾಡುವುದೂ ಇದೇ ಅಂದಾಜು, ಬಣ್ಣ ಮಾತ್ರ ಚೆನ್ನಾಗಿರುತ್ತದೆ. ಹೆರಿಗೆ ಆದ ಹೊಸತರಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ, ಹದಿಹರೆಯದಲ್ಲಿ ಈ ಲೆಕ್ಕದ ಗೋಜಿಗೇ ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ.

ಇನ್ನೊಂದು ವಿಷಯ. ಇಲ್ಲಿ 'ಸೇಫ್' ಅನ್ನುವುದು ಬಸಿರಿಗೆ ಮಾತ್ರ ಸಂಬಂಧಿಸಿದ್ದು. ಎಚ್‌ಐವಿ, ಸಿಫಿಲಿಸ್, ಗೊನೋರಿಯಾ ಕ್ಯಾಲೆಂಡರ್ ನೋಡಿಕೊಂಡು ಬರುವುದಿಲ್ಲ. 'ಸೇಫ್ ಸೆಕ್ಸ್' ಅಂದಾಗ ಇವೂ ಲೆಕ್ಕಕ್ಕೆ ಬರುತ್ತವೆ. ಬಸಿರು, ಸೋಂಕು ಎರಡನ್ನೂ ಒಟ್ಟಿಗೆ ತಡೆಯಲು ಇರುವುದು ಕಾಂಡೋಮ್ ಒಂದೇ. ಪ್ರತಿ ಸಲ ಸರಿಯಾಗಿ ಬಳಸಿದರೆ ವರ್ಷಕ್ಕೆ 100 ಮಹಿಳೆಯರಲ್ಲಿ ಸುಮಾರು 2 ಮಂದಿ ಬಸಿರಾಗಬಹುದು. ಜನ ಬಳಸುವ ರೀತಿಯಲ್ಲಿ ಅದು 13ರ ಆಸುಪಾಸು. ವ್ಯತ್ಯಾಸ ಬರುವುದು ಸಣ್ಣ ಸಣ್ಣ ತಪ್ಪಿನಿಂದ. ಅರ್ಧ ದಾರಿಯಲ್ಲಿ ಹಾಕಿಕೊಳ್ಳುವುದು, ತುದಿಯನ್ನು ಒತ್ತಿ ಗಾಳಿ ತೆಗೆಯದೆ ಇರುವುದು, ಜಾರಲಿ ಅಂತ ಎಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚುವುದು. ಎಣ್ಣೆ ಕಾಂಡೋಮಿನ ರಬ್ಬರನ್ನು (ಲೇಟೆಕ್ಸ್) ಹಾಳು ಮಾಡುತ್ತದೆ. ನೀರಿನ ಅಂಶದ ಲ್ಯೂಬ್ ಆದರೆ ತೊಂದರೆ ಇಲ್ಲ. "ಕೊನೆಗೆ ಹೊರಗೆ ತೆಗೆದರೆ ಆಯ್ತು" ಅನ್ನುವವರ ಕತೆ ಬೇರೆ. ಅಲ್ಲಿ ಈ ಸಂಖ್ಯೆ 20ರ ಹತ್ತಿರ.

ಕಾಂಡೋಮ್ ಹರಿದರೆ ಅಥವಾ ಸೇಫ್ ಅಂದುಕೊಂಡ ದಿನದ ಬಗ್ಗೆ ಅನುಮಾನ ಬಂದರೆ ತುರ್ತು ಗರ್ಭನಿರೋಧಕ ಮಾತ್ರೆ ಇದೆ. ಲೆವೊನಾರ್‌ಜೆಸ್ಟ್ರೆಲ್ ಮಾತ್ರೆಯಾದರೆ 72 ಗಂಟೆಯೊಳಗೆ, ಎಷ್ಟು ಬೇಗ ತೆಗೆದುಕೊಂಡರೆ ಅಷ್ಟು ಒಳ್ಳೆಯದು. ಅದು ಅಂಡಾಣು ಬಿಡುಗಡೆಯನ್ನು ತಡ ಮಾಡುತ್ತದೆ, ಆಗಲೇ ನಿಂತ ಗರ್ಭವನ್ನು ತೆಗೆಯುವುದಿಲ್ಲ. 5 ದಿನದೊಳಗೆ ವೈದ್ಯರ ಬಳಿ ಕಾಪರ್-ಟಿ ಹಾಕಿಸಿಕೊಂಡರೆ ಇನ್ನೂ ಗಟ್ಟಿ. ಮಾತ್ರೆ ನುಂಗಿದ ಮೇಲೆ ಮುಟ್ಟು ಕೆಲವು ದಿನ ಹೆಚ್ಚುಕಮ್ಮಿ ಆಗುವುದು ಸಾಮಾನ್ಯ. ಒಂದು ವಾರಕ್ಕಿಂತ ಜಾಸ್ತಿ ತಡವಾದರೆ ಮೂತ್ರದ ಪರೀಕ್ಷೆ ಮಾಡಿಕೊಳ್ಳಿ. ಮೊದಲಿಂದಲೂ ಮುಟ್ಟಿನ ತಾರೀಕಿಗೆ ಹಿಡಿತ ಇಲ್ಲದವರು ಸಂಪರ್ಕ ಆದ ದಿನದಿಂದ 3 ವಾರ ಎಣಿಸಿ, ಆಮೇಲೆ ಪರೀಕ್ಷೆ ಮಾಡಿದರೆ ಉತ್ತರ ನಂಬಬಹುದು.