ಆವಿ ನೀರಾಗುವಾಗ ಎಚ್ ಎಷ್ಟು? ಹೊರಮೈ ತಾಪ ಗೊತ್ತಿಲ್ಲದೆ ಲೆಕ್ಕ ಹಿಡಿಯುವುದು

ಕುಂಬಳೆ, ಬದಿಯಡ್ಕ ಕಡೆ ಕನ್ನಡ ಮೀಡಿಯಂನಲ್ಲಿ ಓದಿ ಈಗ ಹೀಟ್ ಎಕ್ಸ್‌ಚೇಂಜರ್ ಪಾಠಕ್ಕೆ ಬಂದವರಿಗೆ ಈ ಟಿಪ್ಪಣಿ. ಎಚ್ ಅಂದರೆ ಒಂದು ಚದರ ಮೀಟರ್ ಮೈಯಲ್ಲಿ, ಒಂದು ಡಿಗ್ರಿ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಬಿಸಿ ದಾಟುತ್ತದೆ ಎಂಬುದು. ಎಲ್‌ಎಂಟಿಡಿ (ಎರಡು ತುದಿಗಳ ತಾಪ ವ್ಯತ್ಯಾಸಗಳ ಲಾಗ್ ಸರಾಸರಿ) ಗೊತ್ತಿದೆ ಅಲ್ವಾ, ಅದನ್ನು ಬಿಡುತ್ತೇನೆ.

ಕುಚ್ಚಲಕ್ಕಿ ಬೇಯುವಾಗ ಮುಚ್ಚಳದ ಅಡಿಯಲ್ಲಿ ನೀರು ಕಟ್ಟುತ್ತದಲ್ಲ, ಕಂಡೆನ್ಸರಿನಲ್ಲಿ (ಆವಿಯನ್ನು ನೀರು ಮಾಡುವ ಸಾಧನ) ಒಳಗೆ ತಣ್ಣೀರು ಹರಿಯುವ ಪೈಪಿನ ಮೇಲೂ ಹಾಗೆಯೇ. ಆದರೆ ಅಲ್ಲಿ ಅದು ತೆಳು ಪದರವಾಗಿ ಹರಿಯುತ್ತದೆ ಅಂತ ಹಿಡಿಯುತ್ತೇವೆ. ಬಿಸಿ ದಾಟಲು ಆ ಪದರವೇ ಅಡ್ಡಿ. ನುಸೆಲ್ಟ್ 1916ರಲ್ಲಿ ಕೊಟ್ಟ ಸೂತ್ರದ ಬುಡ ಇದು. ಮಲಗಿಸಿದ ಪೈಪಿಗೆ: ನೀರಿನ ಸಾಂದ್ರತೆಯ ವರ್ಗ (ಆವಿಯ ಸಾಂದ್ರತೆ ತೀರಾ ಕಡಿಮೆ, ಬಿಟ್ಟೆ), ಜಿ (ಗುರುತ್ವ ವೇಗೋತ್ಕರ್ಷ), ಲೇಟೆಂಟ್ ಹೀಟ್ (ಆವಿ ನೀರಾಗುವಾಗ ಬಿಡುವ ಬಿಸಿ), ನೀರಿನ ಕಂಡಕ್ಟಿವಿಟಿಯ (ಬಿಸಿ ಸಾಗಿಸುವ ಗುಣ) ಘನ ಇವನ್ನು ಗುಣಿಸಿ, ವಿಸ್ಕಾಸಿಟಿ (ನೀರಿನ ಸ್ನಿಗ್ಧತೆ), ಪೈಪಿನ ವ್ಯಾಸ, ತಾಪದ ವ್ಯತ್ಯಾಸಗಳಿಂದ ಭಾಗಿಸಿ, ನಾಲ್ಕನೇ ಮೂಲ ತೆಗೆದು 0.725ರಿಂದ ಗುಣಿಸಿ. ಕ್ಯಾಲ್ಕುಲೇಟರಿನಲ್ಲಿ ವರ್ಗಮೂಲದ ಬಟನ್ ಎರಡು ಸಲ ಒತ್ತಿದರೆ ಆಯಿತು.

ತೊಡಕು ಇರುವುದು ಆ ತಾಪದ ವ್ಯತ್ಯಾಸದಲ್ಲಿ. ಅದು ಆವಿಗೂ ತಣ್ಣೀರಿಗೂ ನಡುವಿನದ್ದಲ್ಲ, ಆವಿಗೂ ಪೈಪಿನ ಹೊರಮೈಗೂ ನಡುವಿನದ್ದು. ಹೊರಮೈ ತಾಪ ಸಿಗಲು ಎಚ್ ಬೇಕು, ಎಚ್ ಸಿಗಲು ಹೊರಮೈ ತಾಪ ಬೇಕು. ಹಾಗಾಗಿ ಸುಮ್ನೆ ಒಂದು ಅಂದಾಜು ಇಟ್ಟು ಹೊರಡಬೇಕು.

ಆವಿ 100 ಡಿಗ್ರಿ, ಒಳಗಿನ ನೀರು 30, ಒಳಗಿನ ಎಚ್ 4000, ಪೈಪಿನ ವ್ಯಾಸ 25 ಮಿಲಿಮೀಟರ್ ಅನ್ನಿ. ಗೋಡೆ ತೆಳು, ಅದರ ಅಡ್ಡಿ ಬಿಡಿ. ಹೊರಮೈ 70 ಅಂತ ಇಡೋಣ. ನೀರಿನ ಗುಣಗಳನ್ನು ಪದರದ ಸರಾಸರಿ ತಾಪಕ್ಕೆ, ಅಂದರೆ 85ಕ್ಕೆ, ಟೇಬಲ್‌ನಿಂದ ತೆಗೆದರೆ ಹೊರಗಿನ ಎಚ್ ಸುಮಾರು 9100. ಈಗ ಹೊರಗಿನಿಂದ ಬಂದ ಬಿಸಿಯೂ ಒಳಕ್ಕೆ ಹೋದ ಬಿಸಿಯೂ ಸಮ ಆಗಬೇಕು: 9100 × (100 − ತಾಪ) = 4000 × (ತಾಪ − 30). ತಾಪ 78.6 ಬಂತು. ವ್ಯತ್ಯಾಸ 30 ಇದ್ದದ್ದು 21.4 ಆಯಿತು.

ಇಲ್ಲಿ ಇಡೀ ಸೂತ್ರಕ್ಕೆ ಮತ್ತೆ ಕೈ ಹಾಕಬೇಡಿ. 30ನ್ನು 21.4ರಿಂದ ಭಾಗಿಸಿ, ವರ್ಗಮೂಲ ಎರಡು ಸಲ ಒತ್ತಿ, 9100ಕ್ಕೆ ಗುಣಿಸಿ: 9900. ಹೊರಮೈ ಈಗ ಹತ್ತಿರ ಹತ್ತಿರ 80. ಇನ್ನೊಂದು ಸುತ್ತು ಹಾಕಿದರೂ ಅಲ್ಲೇ ನಿಲ್ಲುತ್ತದೆ. ನಾಲ್ಕನೇ ಮೂಲ ತಪ್ಪನ್ನು ಹಿಂಡಿ ಸಣ್ಣದು ಮಾಡಿಬಿಡುತ್ತದೆ. ಮೇಲಾಗಿ ಒಟ್ಟು ಅಡ್ಡಿಯಲ್ಲಿ ಹೊರಗಿನ ಪದರದ ಪಾಲು ಶೇ. 29 ಮಾತ್ರ, ಅದರ ಎಚ್ ಶೇ. 10 ಆಚೀಚೆ ಆದರೂ ಒಟ್ಟು ಯು (ಒಳಗೂ ಹೊರಗೂ ಸೇರಿದ ಎಚ್) ಬದಲಾಗುವುದು ಶೇ. 3ರಷ್ಟು. ದಶಮಾಂಶಕ್ಕೆ ಜಗಳ ಆಡುವುದು ದಂಡ. ಅದಕ್ಕಿಂತ ಆವಿಯ ಜೊತೆ ಗಾಳಿ ಸೇರಿದೆಯಾ ನೋಡಿ. ಸ್ವಲ್ಪ ಗಾಳಿ ಇದ್ದರೂ ಎಚ್ ಜಾಸ್ತಿಯೇ ಬೀಳುತ್ತದೆ, ಸೂತ್ರ ಅದನ್ನು ಹೇಳುವುದಿಲ್ಲ.

ಕುದಿಯುವ ಕಡೆ ಈ ಉಪಾಯ ನಡೆಯುವುದಿಲ್ಲ. ಕುದಿಯುವುದಕ್ಕಿರುವ ರೋಸೆನೋ ಸೂತ್ರದಲ್ಲಿ ಹೀಟ್ ಫ್ಲಕ್ಸ್ (ಚದರ ಮೀಟರಿಗೆ ದಾಟುವ ಬಿಸಿ) ತಾಪದ ವ್ಯತ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದಾಜು ಸ್ವಲ್ಪ ತಪ್ಪಿದರೆ ಉತ್ತರ ಎಲ್ಲೆಲ್ಲಿಗೋ ಹಾರುತ್ತದೆ. ಅಲ್ಲಿ ಫ್ಲಕ್ಸನ್ನೇ ಅಂದಾಜು ಮಾಡಿ, ಘನಮೂಲ ತೆಗೆದು ವ್ಯತ್ಯಾಸಕ್ಕೆ ಬನ್ನಿ.